ಎಣ್ಣೆ ತಿನ್ನುವ ಜೀವಾಣು ಫ್ಲೋರೈಡ್ ತಿನ್ನಲ್ಲ

ಪಾವಗಡದ ಕಡೆ ಸಂಘದ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: “ಸಿಸ್ಟರ್, ಮಣ್ಣಿನ ಜೀವಾಣು ಡೀಸೆಲ್ಲನ್ನೇ ತಿನ್ನುತ್ತೆ ಅಂದ್ರಿ, ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ತಿನ್ನಲ್ವಾ?” ಒಳ್ಳೇ ಪ್ರಶ್ನೆ.

ಡೀಸೆಲ್‌ನಲ್ಲಿ ಇಂಗಾಲವಿದೆ, ಅದು ಜೀವಾಣುಗಳಿಗೆ ಆಹಾರ. 1989ರಲ್ಲಿ ಅಲಾಸ್ಕಾದ ಕಡಲ ದಡಕ್ಕೆ ಎಕ್ಸಾನ್ ವಾಲ್ಡೆಜ್ ಹಡಗಿನ ಎಣ್ಣೆ ಬಡಿದಾಗ, ಗೊಬ್ಬರ ಹಾಕಿ ಅಲ್ಲಿನ ಜೀವಾಣುಗಳ ಕೆಲಸ ಚುರುಕು ಮಾಡಿದರು. ಧ್ರುವದ ಹೆಪ್ಪುಗಟ್ಟಿದ ನೆಲದಲ್ಲಾದರೋ ಚೆಲ್ಲಿದ ಡೀಸೆಲ್ ದಶಕಗಟ್ಟಲೆ ಉಳಿಯುತ್ತೆ. ಜೀವಾಣು ಇಲ್ಲವೆಂದಲ್ಲ, ಬೇಸಿಗೆಯ ಕೆಲವೇ ವಾರ ಅವಕ್ಕೆ ಕೆಲಸ. ನಮ್ಮ ಸಿರಾ, ಮಧುಗಿರಿ ನೆಲಕ್ಕೆ ಬಿಸಿ ಬೇಕಾದಷ್ಟಿದೆ, ತೇವವೇ ಸಾಲದು. ಪಂಪಿನ ಬಳಿ ಸ್ವಲ್ಪ ಡೀಸೆಲ್ ಚೆಲ್ಲಿದರೆ ಆ ಮಣ್ಣಿಗೆ ತಿಪ್ಪೆಗೊಬ್ಬರ ಬೆರೆಸಿ, ತೇವವಿಟ್ಟು, ಆಗಾಗ ಕೆದಕಿ.

ಫ್ಲೋರೈಡ್ ಹಾಗಲ್ಲ. ಅದು ನೆಲದಡಿಯ ಬಂಡೆಯಿಂದ ನೀರಿಗೆ ಕರಗಿ ಬರುವಂಥದ್ದು, ಯಾವ ಜೀವಾಣುವೂ ಅದನ್ನು ಒಡೆದು ಇಲ್ಲವಾಗಿಸದು. ಕಾಯಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲು ಬಿಗಿಯುತ್ತೆ. ಕುಡಿಯಕ್ಕಷ್ಟೇ ಅಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರೇ ಇರಲಿ. ಘಟಕದ ಹಿಂದೆ ಹರಿದುಹೋಗುತ್ತಲ್ಲ, ಆ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚು. ದನಕ್ಕೂ ಕುಡಿಸಬೇಡಿ.