ಬ್ರಹ್ಮಾವರದ ಬಿಷಪ್, ಫ್ರಾನ್ಸಿನ ಗುಪ್ತ ಪಂಥ

ಉಡುಪಿಯಿಂದ ಕುಂದಾಪುರದ ಕಡೆ ಹೋಗುವವರಿಗೆಲ್ಲ ಬ್ರಹ್ಮಾವರದ ಎಸ್‌ಎಂಎಸ್ ಕಾಲೇಜು ಗೊತ್ತು. ಆ ಹೆಸರಿನ ಕೊನೆಯ ‘ಎಸ್’, ಅಂದರೆ ‘ಸಿರಿಯನ್’, ಕೊಂಕಣಿ ಮಾತಾಡುವ ಕ್ರೈಸ್ತರ ಊರಿಗೆ ಹೇಗೆ ಬಂತೆಂದು ಹುಡುಕಹೊರಟರೆ, ದಾರಿ ಫ್ರಾನ್ಸಿನ ಒಂದು ಗುಪ್ತ ಸಂಘದ ಬಾಗಿಲಿಗೆ ಮುಟ್ಟುತ್ತದೆ.

1886ರಲ್ಲಿ ರೋಮ್‌ಗೂ ಪೋರ್ಚುಗಲ್‌ಗೂ ಒಪ್ಪಂದವಾಗಿ, ಇಲ್ಲಿನ ಇಗರ್ಜಿಗಳಿಗೆ ಗೋವೆಯ ಆಡಳಿತ ತಪ್ಪಿತು. ಆ ನಂಟು ಬಿಡಲೊಲ್ಲದವರು ಬ್ರಹ್ಮಾವರದಲ್ಲಿ ಪಾದ್ರಿ ನೊರೊನ್ಹಾ ಅವರ ಬೆನ್ನಿಗೆ ನಿಂತರು. ಅವರ ಮುಂದಾಳು ಗೋವೆಯ ಪಾದ್ರಿ, ಪತ್ರಕರ್ತ ಅಲ್ವಾರೆಸ್. 1889ರಲ್ಲಿ ಕೇರಳದ ಸಿರಿಯನ್ ಪರಂಪರೆಯ ಮಲಂಕರ ಸಭೆ ಅವರನ್ನು ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ಮಾಡಿತು. ಪೂಜೆ ಲ್ಯಾಟಿನ್ ಕ್ರಮದ್ದೇ ಉಳಿಯಿತು.

1892ರಲ್ಲಿ ಕೊಲಂಬೊದಲ್ಲಿ ಅಲ್ವಾರೆಸ್, ಅಮೆರಿಕದಿಂದ ಬಂದ ರೆನೆ ವಿಲಾಟ್‌ರ ತಲೆಯ ಮೇಲೆ ಕೈಯಿಟ್ಟು ಬಿಷಪ್ ದೀಕ್ಷೆ ಕೊಟ್ಟರು. ನಮ್ಮ ಮಠಗಳ ಗುರುಪರಂಪರೆಯಂತೆ ಬಿಷಪ್ ದೀಕ್ಷೆಯಲ್ಲಿಯೂ ಯಾರಿಂದ ಯಾರಿಗೆ ಎಂಬುದೇ ಪ್ರಮಾಣ. ಮಿರಾಲ್ಯಾ, ಹುಸೆ, ಜಿರೊ ಎಂಬವರನ್ನು ದಾಟಿ ಆ ದೀಕ್ಷೆ 1913ರಲ್ಲಿ ಲಿಯೋನಿನ ಜಾನ್ ಬ್ರಿಕೊಗೆ ಸಂದಿತು. ಬ್ರಿಕೊ, ಗೂಢಜ್ಞಾನದಿಂದಲೇ ಮುಕ್ತಿ ಎನ್ನುವ ನಾಸ್ಟಿಕ್ ಚರ್ಚಿನ ಮುಖ್ಯಸ್ಥ. 1918ರಲ್ಲಿ ಮಾರ್ತಿನಿಸ್ಟ್ ಎಂಬ ಗುಪ್ತ ಪಂಥಕ್ಕೂ ಆತನೇ ಹಿರಿಯನಾದ.

ಈ ಪಂಥದ ಬೋಧನೆಯ ಬೇರು 18ನೇ ಶತಮಾನದಲ್ಲಿದೆ. ಮಾರ್ತಿನೆಸ್ ದ ಪಾಸ್ಕಾಲಿ ಎಂಬಾತ ಫ್ರಾನ್ಸಿನ ಫ್ರೀಮೇಸನ್ ಎಂಬ ಗುಪ್ತ ಸಹೋದರ ಸಂಘದವರ ನಡುವೆ ಹೊಸ ಬಳಗ ಕಟ್ಟಿದ. ಮನುಷ್ಯ ದೈವೀ ನೆಲೆಯಿಂದ ಜಾರಿ ಬಿದ್ದವನು, ಮರಳಿ ಅಲ್ಲಿಗೆ ಸೇರಬೇಕಾದವನು ಎಂಬುದು ಅವನ ಮಾತು. ದೇವದೂತರನ್ನು ಆವಾಹಿಸುವ ಕಠಿಣ ವಿಧಿಗಳೇ ಅದಕ್ಕೆ ಸಾಧನ. ಶಿಷ್ಯ ಸೇಂಟ್ ಮಾರ್ತಿನ್ ಆ ವಿಧಿಗಳನ್ನು ಕೈಬಿಟ್ಟು, ಹೃದಯದೊಳಗಿನ ಮೌನ ಸಾಧನೆಯೇ ಸಾಕೆಂದ. ಗುರುವಿಗಿಂತ ಶಿಷ್ಯನೇ ನನಗೆ ದೊಡ್ಡವನಾಗಿ ಕಾಣುತ್ತಾನೆ. ಅವನ ಹೆಸರಿನಲ್ಲಿ ಪಪ್ಯೂಸ್ ಎಂಬ ಪ್ಯಾರಿಸ್ಸಿನ ವೈದ್ಯ 1891ರ ಸುಮಾರಿಗೆ ಪಂಥವನ್ನು ಸಂಘಟಿಸಿದ. ಮುಖವಾಡ, ನಿಲುವಂಗಿ, ಮೂರು ಮೆಟ್ಟಿಲ ದೀಕ್ಷೆ ಅದರ ಕ್ರಮ.

ಪಂಥದ ಜೊತೆಗಿದ್ದ ನಾಸ್ಟಿಕ್ ಚರ್ಚನ್ನು 1890ರಲ್ಲಿ ಸ್ಥಾಪಿಸಿದ ದ್ವಾನೆಲ್, ತನಗೆ ಪೀಠ ಸಿಕ್ಕಿದ್ದು ದರ್ಶನದಲ್ಲಿ ಎನ್ನುತ್ತಿದ್ದ. ದರ್ಶನಕ್ಕೆ ಸಾಕ್ಷಿಯಿಲ್ಲ. ಅಪೊಸ್ತಲರ ಕಾಲದಿಂದ ಬಂದ ಕೈಯ ಸರಪಳಿ ಬ್ರಿಕೊಗೆ ಬೇಕಾಯಿತು. ಅದು ಸಿಕ್ಕಿದ್ದು ಬ್ರಹ್ಮಾವರದ ಬಿಷಪ್‌ರ ಮೂಲಕ. ಬೋಧನೆಯಲ್ಲಿ ನಮ್ಮ ಕರಾವಳಿಯದೇನೂ ಇಲ್ಲ. ತಮ್ಮ ಇಗರ್ಜಿಗಾಗಿ ಹೋರಾಡಿದ ಬ್ರಹ್ಮಾವರದ ಜನರಲ್ಲಿ ಗುಟ್ಟೂ ಇರಲಿಲ್ಲ.

ಅಲ್ವಾರೆಸ್ 1923ರಲ್ಲಿ ಗೋವೆಯಲ್ಲಿ ತೀರಿಕೊಂಡರು. ಆ ಕಾಲದ ಪತ್ರ, ಲೆಕ್ಕಪುಸ್ತಕ, ಫೋಟೊ ನಿಮ್ಮ ಮನೆಯ ಪೆಟ್ಟಿಗೆಯಲ್ಲಿದ್ದರೆ ಗೆದ್ದಲಿಗೆ ಬಿಡಬೇಡಿ. ಇಗರ್ಜಿಗೋ ಕಾಲೇಜಿನ ಗ್ರಂಥಾಲಯಕ್ಕೋ ಕೊಡಿ.