ಸಾಹಿತ್ಯ ಪಾಠಕ್ಕೆ ಸ್ತ್ರೀವಾದ ಒಂದೇ ಸಾಕೇ? ಭೋರ್ ನೆರೆಯ ಲೇಖಕಿಯ ಆತ್ಮಕಥೆ ಹೇಳುವುದೇನು?

ಭೋರ್ (ಪುಣೆ): ಕಥೆ, ಕವಿತೆಗಳ ಪಾಠ ಮಾಡುವಾಗ ‘ಇಲ್ಲಿ ಹೆಣ್ಣಿನ ಸ್ಥಾನವೇನು?’ ಎಂದು ಕೇಳುವುದನ್ನು ಕಲಿಸಿದ್ದು ಸ್ತ್ರೀವಾದ. ಆದರೆ ಆ ಒಂದೇ ಪ್ರಶ್ನೆಯಿಂದ ಇಡೀ ಕೃತಿ ಅರ್ಥವಾಗುತ್ತದೆಯೇ? ಭೋರ್‌ಗೆ ಹೊಂದಿಕೊಂಡಿರುವ ಪುರಂದರ ತಾಲ್ಲೂಕಿನಲ್ಲಿ ಹುಟ್ಟಿದ ಲೇಖಕಿಯೊಬ್ಬರ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ.

ಯಾರು ಈ ಲೇಖಕಿ?

ಬೇಬಿ ಕಾಂಬಳೆ 1929ರಲ್ಲಿ ವೀರಗಾಂವ್‌ನಲ್ಲಿ, ಮಹಾರ್ ಕುಟುಂಬದಲ್ಲಿ ಜನಿಸಿದರು. ಸಾತಾರಾ ಜಿಲ್ಲೆಯ ಫಲಟಣ್‌ನಲ್ಲಿ ಚಿಕ್ಕ ಅಂಗಡಿ ನಡೆಸುತ್ತಲೇ ಬರೆದರು. ಬರೆದ ಹಾಳೆಗಳನ್ನು ಗಂಡನ ಕಣ್ಣಿಗೆ ಬೀಳದಂತೆ ಸುಮಾರು 20 ವರ್ಷ ಬಚ್ಚಿಟ್ಟಿದ್ದರು. ಅವರ ಮರಾಠಿ ಆತ್ಮಕಥೆ ‘ಜಿಣ ಆಮುಚ’ (ನಮ್ಮ ಬದುಕು) 1986ರಲ್ಲಿ ಪುಸ್ತಕವಾಗಿ ಬಂತು. 2008ರಲ್ಲಿ ಮಾಯಾ ಪಂಡಿತ್ ಇದನ್ನು ಇಂಗ್ಲಿಷ್‌ಗೆ ಅನುವಾದಿಸಿದರು.

ಮಿತಿ ಎದುರಾಗುವುದು ಎಲ್ಲಿ?

ಹಾಳೆ ಬಚ್ಚಿಟ್ಟ ಕಥೆ ಕೇಳಿದರೆ ‘ಇದು ಗಂಡಿನ ದಬ್ಬಾಳಿಕೆ’ ಎಂದು ಪಾಠ ಮುಗಿಸಿಬಿಡಬಹುದು. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಪುಸ್ತಕದಲ್ಲಿ ಸೊಸೆಯನ್ನು ಹಿಂಸಿಸುವವಳು ಅತ್ತೆ. ಕಟ್ಟಿಗೆ ಮಾರಲು ಬಂದ ಮಹಾರ್ ಹೆಂಗಸನ್ನು ದೂರ ನಿಲ್ಲಿಸಿ ಮಾತನಾಡುವವಳು ಮೇಲ್ಜಾತಿಯ ಹೆಂಗಸು. ‘ಗಂಡು-ಹೆಣ್ಣು’ ಎಂಬ ಎರಡೇ ಖಾನೆ ಇಟ್ಟುಕೊಂಡು ಓದಿದರೆ ಹಸಿವು, ಜಾತಿ, ಅಂಬೇಡ್ಕರ್ ತಂದ ಅಕ್ಷರದ ಆಸೆ ಎಲ್ಲವೂ ಹೊರಗೇ ಉಳಿಯುತ್ತವೆ. ಹಾಗೆಂದು ಜಾತಿಯನ್ನಷ್ಟೇ ನೋಡಿದರೆ ಮನೆಯೊಳಗಿನ ಹೊಡೆತ ಕಾಣಿಸುವುದಿಲ್ಲ.

ಸ್ತ್ರೀವಾದಿಗಳೇ ಎತ್ತಿದ ಪ್ರಶ್ನೆ

ಈ ಮಿತಿಯನ್ನು ಹೇಳಿದವರು ಸ್ತ್ರೀವಾದದ ವಿರೋಧಿಗಳಷ್ಟೇ ಅಲ್ಲ. ದಲಿತ ಮಹಿಳೆಯರ ದನಿ ಬೇರೆಯೇ ಎಂದು ಚಿಂತಕ ಗೋಪಾಲ್ ಗುರು 1995ರಲ್ಲಿ ಬರೆದರು. ಪುಣೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸ್ತ್ರೀವಾದಿ ಸಮಾಜಶಾಸ್ತ್ರಜ್ಞೆ ಶರ್ಮಿಳಾ ರೇಗೆ 1998ರಲ್ಲಿ ಆ ಚರ್ಚೆಯನ್ನು ಮುಂದುವರಿಸಿದರು. ಜಾತಿಯನ್ನು ಬಿಟ್ಟು ಹೆಣ್ಣಿನ ಬಗ್ಗೆ ಮಾತನಾಡಲಾಗದು ಎಂಬುದು ಅವರ ವಾದವಾಗಿತ್ತು.

ಕನ್ನಡ ತರಗತಿಗೂ ಅನ್ವಯ

ಕನ್ನಡದಲ್ಲಿ ಅಕ್ಕಮಹಾದೇವಿಯ ವಚನಗಳ ಪಾಠಕ್ಕೂ ಈ ಮಾತು ಸಲ್ಲುತ್ತದೆ. ಅಕ್ಕನನ್ನು ಮದುವೆಯ ಕಟ್ಟು ಮುರಿದ ಹೆಣ್ಣು ಎಂದಷ್ಟೇ ಹೇಳಿದರೆ, ಚೆನ್ನಮಲ್ಲಿಕಾರ್ಜುನನ ಮೇಲಿನ ಭಕ್ತಿಯೂ ವಚನದ ನುಡಿಯ ಸೊಗಸೂ ಪಕ್ಕಕ್ಕೆ ಸರಿಯುತ್ತವೆ.

ಹಾಗಾದರೆ ಶಿಕ್ಷಕರು ಏನು ಮಾಡಬಹುದು? ಹೆಣ್ಣಿನ ಪ್ರಶ್ನೆಯನ್ನು ಕೈಬಿಡಬೇಕಿಲ್ಲ. ಅದರ ಜೊತೆಗೆ ‘ಯಾವ ಹೆಣ್ಣು? ಯಾವ ಕೇರಿಯವಳು? ಯಾರೊಂದಿಗೆ ಮಾತನಾಡುತ್ತಿದ್ದಾಳೆ?’ ಎಂದೂ ಕೇಳಬೇಕು. ಉತ್ತರವನ್ನು ಮೊದಲೇ ಹೇಳಿಬಿಡದೆ, ವಿದ್ಯಾರ್ಥಿಗಳು ಪುಸ್ತಕದಲ್ಲೇ ಹುಡುಕುವಂತೆ ಬಿಡಬೇಕು.