ಚಿಮ್ನಿ ಇದ್ದರೂ ಕೆಮ್ಮೇಕೆ?

ಅರಕೇರಿಯ ನಮ್ಮ ಮನೆಗೆ ಚಿಮ್ನಿ ಬಂತು (ದಾದಿಗೆ ಚಿಮಣಿ ಎಂದರೆ ಇನ್ನೂ ಸೀಮೆಎಣ್ಣೆ ದೀಪವೇ). ಆದರೂ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಅಮ್ಮಿಯ ಕೆಮ್ಮು ನಿಲ್ಲಲಿಲ್ಲ. ದೋಷ ಮೋಟಾರಿನದಲ್ಲ, ಪೈಪಿನದು. ಮಡಿಕೆ ಮಡಿಕೆಯಾದ ಅಲ್ಯೂಮಿನಿಯಂ ಪೈಪು ಮೂರು ಕಡೆ ಬಾಗಿತ್ತು. ಪ್ರತಿ ತಿರುವಿನಲ್ಲೂ ಗಾಳಿಯ ಓಟ ಕುಗ್ಗುತ್ತದೆ. ಮಡಿಕೆಗಳಲ್ಲಿ ಕೂರುವ ಎಣ್ಣೆ ಜಿಡ್ಡಿಗೆ ಬೆಂಕಿ ತಗಲುವ ಭಯವೂ ಉಂಟು. ಧೂಳಿಗೆ ಹೆದರಿ ಕಿಟಕಿಯನ್ನೂ ಮುಚ್ಚಿದ್ದೆವು. ಹೊರಗಿನ ಗಾಳಿ ಒಳಬರದಿದ್ದರೆ ಹೊಗೆ ಸರಿಯಾಗಿ ಹೊರಹೋಗದು. 2.5 ಮೈಕ್ರಾನ್‌ಗಿಂತ ಸಣ್ಣ ಹೊಗೆಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಪೈಪೇ ಬೇಡದ ಇದ್ದಿಲು ಫಿಲ್ಟರಿನ ಚಿಮ್ನಿಯೂ ಸಿಗುತ್ತದೆ. ವಾಸನೆ ಕಡಿಮೆಯಾದೀತು, ಆದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ಉಳಿಯುತ್ತದೆ. ಕಾಮರ್ಸ್ ವಿದ್ಯಾರ್ಥಿಯ ಲೆಕ್ಕದಲ್ಲಿ ಅದು ನಷ್ಟದ ವ್ಯವಹಾರ.

ಅಬ್ಬಾ ಈಗ ಪೈಪನ್ನು ಗೋಡೆಯಿಂದ ನೇರ ಹೊರಗೆ ಬಿಡಿಸಿದ್ದಾರೆ. ಜಿಡ್ಡಿನ ಜಾಲರಿ ತೊಳೆಯುವ ಪಾಳಿ ನನ್ನದು.